ಗೂಡು ತುಂಬಿದ ಪಾದಪೀಠ

ಕಾಲಿಗೂ ಒಂದು ಆಸನ ಬೇಕೆಂಬ ಜ್ಞಾನೋದಯ ನನಗಾದದ್ದು ನಮ್ಮ ಆಫೀಸಿನ ಸಾಹೇಬರ ಬಂಗಲೆಯಲ್ಲಿ. ಅವರು ಆರಾಮಕುರ್ಚಿಯಲ್ಲಿ ಕೂತು, ಎದುರಿಗಿದ್ದ ದುಂಡನೆಯ ಮೆತ್ತೆಯ ಮೇಲೆ ಎರಡೂ ಕಾಲು ಚಾಚಿದ್ದರು. "ಇದು ಪೂಫ್" ಅಂದರು. ನಾನು ಅದನ್ನು 'ಪಾದಪೀಠ' ಎಂದು ಕನ್ನಡೀಕರಿಸಿಕೊಂಡು ಕೊಳ್ಳೇಗಾಲದ ಮನೆಗೆ ಬಂದೆ.

ಕಾರಣವಿತ್ತು. ತಂಗಿ ಗೌರಿಯನ್ನು ನೋಡಲು ಯಳಂದೂರಿನಿಂದ ಒಬ್ಬ ಸ್ಕೂಲ್ ಮೇಷ್ಟ್ರು ಬರುವವರಿದ್ದರು. ಹಿಂದಿನ ಮೂರು ಸಂಬಂಧ ಮುರಿದಿದ್ದವು. ಈ ಹುಡುಗನ ಫೋಟೋ ನೋಡಿ ಮಾತ್ರ ಗೌರಿ ಮಗ್ಗದ ಗುಂಡಿಯಲ್ಲಿ ಕೂತಲ್ಲೇ ನಕ್ಕಿದ್ದಳು. ಹುಡುಗನ ತಂದೆಗೆ ಕಾಲು ಬಾವು, ಇಳಿಬಿಟ್ಟು ಕೂರುವಂತಿಲ್ಲ. ಆ ಕಾಲನ್ನು ಗೆದ್ದರೆ ಮದುವೆ ಗೆದ್ದಂತೆ ಎಂದು ನಿಶ್ಚಯಿಸಿದೆ!

ಹತ್ತಿಯನ್ನು ಯಾರು ಬೇಕಾದರೂ ತುಂಬುತ್ತಾರೆ. ನಾನು ಸತ್ತೇಗಾಲದಲ್ಲಿ ರೇಷ್ಮೆ ಹುಳು ಸಾಕುವ ಷಡ್ಡಕನಿಂದ ಒಂದು ಚೀಲ ಗೂಡು ತಂದೆ. ಕಿವಿಯ ಹತ್ತಿರ ಅಲ್ಲಾಡಿಸಿದರೆ ಒಳಗೇನೋ ಗಲಗಲ ಎಂದಿತು. ಒಳ್ಳೆಯ ಮಾಲಿನ ಲಕ್ಷಣ ಎಂದುಕೊಂಡೆ. ನಾವು ತಲೆತಲಾಂತರದ ನೇಕಾರರು. ನೂಲು ಕಂಡವರೇ ಹೊರತು ಗೂಡಿನ ಹೊಟ್ಟೆ ಕಂಡವರಲ್ಲ. ಹಳೆಯ ಜಮಖಾನ ಸುತ್ತಿ ನಾನೇ ಹೊಲಿದೆ.

"ಇದೇನ್ರೀ, ರಾಗಿಮುದ್ದೆಗೆ ಅಂಗಿ ತೊಡ್ಸಿದಂಗದೆ!" ಎಂದಳು ಹೆಂಡತಿ ಪುಟ್ಟತಾಯಿ.

"ನಿಂಗೊತ್ತಾಗಲ್ಲ, ಸುಮ್ಕಿರು. ಮಾಡ್ರನ್ನು!"

ಅಷ್ಟರಲ್ಲಿ ಯಳಂದೂರಿನವರ ದಾಯಾದಿಯೊಬ್ಬರು ತೀರಿಕೊಂಡರು. ಹತ್ತು ದಿನ ಸೂತಕ! ಪಾದಪೀಠ ಪಡಸಾಲೆಯಲ್ಲಿ ಕಾದು ಕೂತಿತು. ಐದನೇ ದಿನ ನಾತ ಶುರುವಾಯಿತು. ಮೋರಿ ತೊಳೆದೆ. ಎಂಟನೇ ದಿನ, ಇಲಿ ಸತ್ತಿರಬೇಕೆಂದು ಅಟ್ಟ ಹತ್ತಿ ಬಿದ್ದೆ. ಕೊನೆಗೆ ಒಂದು ಕಟ್ಟು ಊದುಬತ್ತಿ ಹಚ್ಚಿದೆ.

ಸೂತಕ ಕಳೆದು ಅವರು ಬಂದರು. ಹುಡುಗನ ತಂದೆಯನ್ನು ಕುರ್ಚಿಯಲ್ಲಿ ಕೂರಿಸಿ, "ಯಜಮಾನ್ರೇ, ಕಾಲ ಇದ್ರ ಮ್ಯಾಲೆ ಮಡಗಿ" ಎಂದೆ.

"ಬ್ಯಾಡ ಕಣಪ್ಪ. ಒಳ್ಗೆ ಏನೋ ಆಡ್ತಾ ಅದೆ."

"ಸ್ಪ್ರಿಂಗು!" ಎಂದು ನಾನೇ ಅವರ ಎರಡೂ ಕಾಲೆತ್ತಿ ಇಟ್ಟೆ.

ಪಚಕ್ ಎಂದಿತು. ನನ್ನ ಹೊಲಿಗೆ ಬಿಟ್ಟುಕೊಂಡಿತು. ಗೂಡಿನೊಳಗೇ ಸತ್ತು ಕೊಳೆತ ಹುಳುಗಳ ಕಂದು ರಸ ಅವರ ಬಿಳಿ ಪಂಚೆಗೆ ಇಳಿಯಿತು. ಬದುಕುಳಿದವು ಆಗಲೇ ಗೂಡು ಕೊರೆದು ಚಿಟ್ಟೆಗಳಾಗಿದ್ದವು; ರೆಕ್ಕೆ ಬಡಿಯುತ್ತ ಅದೇ ಪಂಚೆ ಹತ್ತತೊಡಗಿದವು.

"ಒಂದ್ ಸೂತಕ ಕಳ್ಕಂಡು ಬಂದ್ರೆ ಇಲ್ಲಿ ಸಾವ್ರ ಎಣ ಮಡ್ಗವ್ನೆ! ಏಳ್ಲಾ ಮಗಾ!" ಎಂದು ಹಿರಿಯರು ಕೂಗಿದರು. ಬಾವಿನ ಕಾಲಿನಲ್ಲಿ ಮನುಷ್ಯ ಅಷ್ಟು ಬೇಗ ನಡೆಯಬಹುದೆಂದು ನನಗೆ ಗೊತ್ತಿರಲಿಲ್ಲ. ಬಸ್ ಸ್ಟ್ಯಾಂಡಿನವರೆಗೂ ಕೈಮುಗಿಯುತ್ತ ಹಿಂದೆ ಓಡಿದೆ. ಹುಡುಗ ಒಮ್ಮೆ ಹಿಂತಿರುಗಿ ನೋಡಿದ. ತಂದೆ ಅವನ ಮುಖ ತಿರುಗಿಸಿ ಬಸ್ಸು ಹತ್ತಿಸಿದರು.

ಮನೆಗೆ ಬಂದರೆ ಗೌರಿ ಉಟ್ಟ ಹೊಸ ಸೀರೆಯಲ್ಲೇ ಪಡಸಾಲೆ ಗುಡಿಸುತ್ತಿದ್ದಳು. ಬಯ್ಯಲಿಲ್ಲ. ಬಯ್ದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಬುಡಣ್ಣ" ಎಂದಳು. "ಉಳುಗಳ್ಗಾದ್ರೂ ಈ ಮನೆಯಿಂದ ಈಚ್ಗೋಗಕ್ಕೆ ದಾರಿ ಆಯ್ತಲ್ಲ."

ತಲೆ ತಗ್ಗಿಸಿದೆ. ನನ್ನ ಪಂಚೆಯ ಅಂಚಿನಲ್ಲಿ ಒಂದು ಚಿಟ್ಟೆ ನೆಮ್ಮದಿಯಾಗಿ ಮೊಟ್ಟೆಯಿಡುತ್ತಿತ್ತು. ತಂಗಿಗೆ ಸಂಸಾರ ಹೂಡಿಕೊಡಲಾಗದ ಮಹಾನುಭಾವ ನಾನು, ಚಿಟ್ಟೆಗೆ ಹೂಡಿಕೊಟ್ಟಿದ್ದೆ!