ಹಂಪಿ ಬಂಡೆಯ ಮೇಲೆ ಹಸಿದ ಮಾಸ್ತರ

ಮಾನ ಹೋಗುವ ಪ್ರಸಂಗಗಳಿಗೆ ನನ್ನ ವಿಳಾಸ ಚೆನ್ನಾಗಿ ಗೊತ್ತು. ಊರು ಬಿಟ್ಟು ಹಂಪಿಗೆ ಹೋದರೂ ಹುಡುಕಿಕೊಂಡು ಬಂದವು. ಆಗಿನ್ನೂ ಮದ್ರಾಸಿನ ಸರ್ಕಾರ. ನಾನು ಹೊಸಪೇಟೆಯಲ್ಲಿ ಹಂಗಾಮಿ ಮಾಸ್ತರ. ಸ್ಕೌಟ್ ತರಬೇತಿಯಲ್ಲಿ ಪಾಸಾದರೆ ಕೆಲಸ ಕಾಯಂ. ಕಾಯಂ ಆದರೆ ಮಾತ್ರ ಮಗಳನ್ನು ಕೊಡುವುದು ಎಂದು ಕಂಪ್ಲಿಯ ಅಕ್ಕಿ ಗಿರಣಿ ಸಾಹುಕಾರರು ಹೇಳಿದ್ದರು. ಆ ಹುಡುಗಿಯನ್ನು ನೋಡಿ ಬಂದ ಮೇಲೆ ನನಗೆ ನಿದ್ದೆಯೇ ಇರಲಿಲ್ಲ. ಹಾಗಾಗಿ ಮೊಣಕಾಲು ಕಾಣುವ ಚಡ್ಡಿ ತೊಟ್ಟು, ನಾಚಿಕೊಳ್ಳುತ್ತಲೇ ಶಿಬಿರಕ್ಕೆ ಹೋದೆ. ಅಲ್ಲಿ ಅಕ್ಕಿ ಇಲ್ಲ, ಪಾತ್ರೆ ಇಲ್ಲ, ಕಡ್ಡಿಪೆಟ್ಟಿಗೆ ಇಲ್ಲ. ಕಾಡಿನಲ್ಲಿ ಸಿಕ್ಕಿದ್ದನ್ನು ಬೇಯಿಸಿ ತಿನ್ನಬೇಕು.

೧. ಗೆಡ್ಡೆ

ಮೊದಲ ದಿನ ಹೊಳೆದಂಡೆಯಲ್ಲಿ ಕೋಲಿನಿಂದ ಅಗೆದು ಒಂದು ಗೆಡ್ಡೆ ತೆಗೆದೆ. "ಕಾಡುಗೆಣಸು!" ಎಂದು ಎಲ್ಲರಿಗೂ ಕೇಳುವಂತೆ ಕೂಗಿ, ಹಸಿವು ತಡೆಯದೆ ಹಸಿಯಾಗಿಯೇ ಕಚ್ಚಿದೆ. ಅದು ಕಾಡು ಸುವರ್ಣಗೆಡ್ಡೆ. ನಾಲಿಗೆ ಊದಿ, ಗಂಟಲು ಕೆರೆದು, ಮಾತೇ ನಿಂತಿತು. ತುರಿಕೆಗೆ ಮದ್ದೆಂದು ಹುಣಸೆ ಚಿಗುರು ಅಗಿಯುತ್ತ ಕಣ್ಣೀರು ಸುರಿಸುತ್ತಿದ್ದಾಗ ಶಿಬಿರದ ಮುಖ್ಯಸ್ಥರು ಬಂದು, "ಹೆಂಗೈತ್ರಿ ರುಚಿ?" ಎಂದರು. ನನ್ನ ಕಣ್ಣೀರು ನೋಡಿ ಎಲ್ಲರನ್ನೂ ಕರೆದರು:

"ಬರ್ರಿ, ನೋಡ್ರಿ! ಮಾಸ್ತರಿಗೆ ಭಾಳ ಖುಷಿ ಆಗೈತಿ!"

೨. ಉರುಲು

ಮರುದಿನ ಹಕ್ಕಿ ಹಿಡಿಯುವ ಪಾಠ. ನಾನು ಲಿಂಗ ಕಟ್ಟಿಕೊಂಡವನು, ಮಾಂಸ ತಿನ್ನುವ ಮಾತಿಲ್ಲ, ಆದರೂ ಪಾಸಾಗಬೇಕಲ್ಲ. ಕತ್ತಾಳೆ ನಾರು ಹೊಸೆದು, ಕೌಜುಗ ಓಡಾಡುವ ಜಾಡಿನಲ್ಲಿ ಉರುಲು ಒಡ್ಡಿ, "ಏನೂ ಬೀಳದಿರಲಿ ಶಿವನೇ" ಎಂದು ಮನಸ್ಸಿನಲ್ಲೇ ಬೇಡಿ ಕೈಮುಗಿದೆ. ಬಿದ್ದದ್ದು ಮುಖ್ಯಸ್ಥರ ಕಾಲು. ಬೆಳಗಿನ ಚೊಂಬು ಹಿಡಿದು ಅವಸರದಲ್ಲಿ ಹೊರಟಿದ್ದರು.

"ಗಂಟು ಮಸ್ತ್ ಐತ್ರಿ! ಇದರಾಗ ನೀವು ಪಾಸ್! ಜಲ್ದಿ ಬಿಚ್ರಿ!" ಎಂದು ಒಂಟಿಕಾಲಲ್ಲಿ ಕುಣಿದರು.

ಬಿಚ್ಚುವುದನ್ನು ಇನ್ನೂ ಕಲಿಸಿರಲಿಲ್ಲ.

೩. ಬೆಂಕಿ

ಉಳಿದದ್ದು ಬೆಂಕಿ. ಗುಡಿಯ ದಾರಿಯ ಬಂಡೆಯ ಮೇಲೆ ಕೂತು ಕಟ್ಟಿಗೆಗೆ ಕಟ್ಟಿಗೆ ಉಜ್ಜಿದೆ. ಕಿಡಿ ಬರಲಿಲ್ಲ, ಅಂಗೈಯಲ್ಲಿ ಬೊಬ್ಬೆ ಬಂತು. ಸೆಕೆಗೆ ಅಂಗಿ ಕಳಚಿದ್ದೆ. ಬೆವರು ಒರೆಸಿ ಒರೆಸಿ ವಿಭೂತಿ ಮುಖವೆಲ್ಲ ಹರಡಿತ್ತು. ಮಡಿಲಲ್ಲಿದ್ದ ಒಣಹುಲ್ಲು ಚಡ್ಡಿಯನ್ನು ಮುಚ್ಚಿತ್ತು. ಗೆಡ್ಡೆಗೆ ಊದಿದ ನಾಲಿಗೆಗೆ ಮಾತಂತೂ ಇನ್ನೂ ಬಂದಿರಲಿಲ್ಲ. ದಾರಿಹೋಕರೊಬ್ಬರು ಯಾರೋ ಮೌನಿ ಸ್ವಾಮಿಯೆಂದುಕೊಂಡು ಬಾಳೆಹಣ್ಣು ಇಟ್ಟು ಅಡ್ಡಬಿದ್ದು ಹೋದರು. ನಾಚಿಕೆಯಿಂದ ತಲೆ ತಗ್ಗಿತು, ಆದರೆ ಕೈ ಮುಂದಕ್ಕೇ ಹೋಯಿತು.

ಬಾಯಿ ತುಂಬ ಹಣ್ಣು ತುರುಕಿಕೊಂಡು ನೋಡಿದರೆ, ಎದುರಿಗೆ ಕಂಪ್ಲಿಯ ಸಾಹುಕಾರರು! ಹಿಂದೆ ಆ ಹುಡುಗಿ. ಭೂಮಿ ಬಾಯಿಬಿಡಬಾರದೇ ಅನಿಸಿತು. ಅಷ್ಟರಲ್ಲಿ ಸಾಹುಕಾರರು ನನ್ನ ಗುರುತೇ ಸಿಗದೆ ಉದ್ದಕ್ಕೆ ಬಿದ್ದು ನಮಸ್ಕರಿಸಿದರು.

"ಬುದ್ಧಿ, ಮಗಳನ್ನ ಹೊಸಪೇಟಿ ಮಾಸ್ತರಗ ಕೊಡಾಕ ಮಾತಾಡೇವ್ರಿ. ಅಂವನ ಕೆಲ್ಸ ಕಾಯಂ ಆಕೈತೇನ್ರಿ? ಕೊಡೂದೋ, ಬ್ಯಾಡೋ?"

ಕಣ್ಣು ಮುಚ್ಚಿ, ಇದ್ದಬದ್ದ ಮಾನವನ್ನೂ ಬಿಟ್ಟು, ತಲೆಯಾಡಿಸಿದೆ.

"ಕೊಡು ಅಂದ್ರು!" ಸಾಹುಕಾರರು ಮತ್ತೊಮ್ಮೆ ಅಡ್ಡಬಿದ್ದರು.

ಕಣ್ಣು ಬಿಟ್ಟೆ. ಹುಡುಗಿ ನನ್ನ ಕೊರಳಲ್ಲಿದ್ದ ಸ್ಕೌಟ್ ಸೀಟಿಯನ್ನು ನೋಡಿದಳು, ಮುಖ ನೋಡಿದಳು, ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ತಮ್ಮ ರೊಟ್ಟಿಯ ಗಂಟನ್ನೇ ನನ್ನ ಮುಂದಿಟ್ಟಳು.

"ಜಲ್ದಿ ಮುಹೂರ್ತ ಇಡಸಪ್ಪ," ಎಂದಳು. "ಮಾಸ್ತರಿಗೆ ಉಣ್ಣಾಕ ಇಕ್ಕವ್ರು ಯಾರೂ ಇಲ್ಲಂತ ಸ್ವಾಮ್ಯಾರ ಮುಖದಾಗ ಕಾಣಾಕತ್ತೈತಿ!"