ಹಿಂದಿನ ಸಾಲಿನ ತಾಳದವರು ಮಸುಕಾದ ಬಗ್ಗೆ

ಮಾನ್ಯರೇ, ಸುತ್ತುನೋಟದ ವಿಡಿಯೋದಲ್ಲಿ ಯಾರು ಯಾವ ಕಡೆ ನೋಡುತ್ತಾರೆಂದು ಮೊದಲೇ ಊಹಿಸಿ, ಆ ಕಡೆಯನ್ನಷ್ಟೇ ಸ್ಪಷ್ಟವಾಗಿ ಕಳಿಸಿ, ಮಿಕ್ಕ ಕಡೆಯನ್ನೆಲ್ಲ ಮಸುಕಾಗಿಸಿ ಡೇಟಾ ಉಳಿಸುವ ಮಹಾಮೇಧಾವಿ ತಂತ್ರಾಂಶದವರೇ,

ಕಾಲು ಮುರಿದುಕೊಂಡು ಮಂಚ ಹಿಡಿದಿರುವ ದರ್ಜಿಯೊಬ್ಬಳ ಸವಿನಯ ನಮಸ್ಕಾರಗಳು. ತಮ್ಮ ಮಿತವ್ಯಯ ಕಂಡು ಬೆರಗಾಗಿದ್ದೇನೆ. ಬಟ್ಟೆ ಉಳಿಸುವುದು ನನಗೂ ಗೊತ್ತು; ಆದರೆ ಜನ ಎದುರಿನಿಂದಲೇ ನೋಡುತ್ತಾರೆಂದು ಅಂಗಿಗೆ ಬೆನ್ನೇ ಹೊಲಿಯದೆ ಬಿಡುವ ಧೈರ್ಯ ನನಗೆ ಈವರೆಗೆ ಬಂದಿರಲಿಲ್ಲ.

ನನ್ನ ಯಜಮಾನರು ವಾದ್ಯವೃಂದದ ಹಿಂದಿನ ಸಾಲಿನಲ್ಲಿ ದೊಡ್ಡ ಕಂಚಿನ ತಾಳ ಹಿಡಿದು ನಿಲ್ಲುವವರು. ಇಡೀ ಕಛೇರಿಗೆ ಅವರದು ಒಂದೇ ಒಂದು ಏಟು. ಕಛೇರಿಗೆ ಹೊರಡುವಾಗ, ಮಂಚದಿಂದಲೇ ನೇರಪ್ರಸಾರ ನೋಡಲೆಂದು ನನ್ನ ತಲೆಗೆ ಸುತ್ತುನೋಟದ ಆ ದಪ್ಪ ಕನ್ನಡಕ ಕಟ್ಟಿ, “ಏಟು ಬಿದ್ದ ತಕ್ಷಣ ನಿನಗೊಂದು ಕಣ್ಣು ಹೊಡೀತೀನಿ ಕಣೇ, ಆಮೇಲೆ ಕಾಣಲಿಲ್ಲ ಅನ್ಬೇಡ” ಎಂದಿದ್ದರು.

ನಾನು ಅವರನ್ನೇ ನೋಡುತ್ತಿದ್ದೆ. ಅಷ್ಟರಲ್ಲಿ ಮುಂದೆ ನಿಂತ ಗಾಯಕಿ ಸ್ವರ ಏರಿಸಿದಳು. ನಾನೂ ಮನುಷ್ಯಳಲ್ಲವೇ, ಕತ್ತು ಒಂದು ಚೂರು ಅತ್ತ ಹೊರಳಿತು. ಅಷ್ಟಕ್ಕೇ ತಾವು, ಎಲ್ಲರೂ ನೋಡುವುದು ಆಕೆಯನ್ನೇ, ಇವಳಿಗೂ ಇನ್ನು ಗಂಡ ಬೇಡ ಎಂದು ತೀರ್ಮಾನಿಸಿಬಿಟ್ಟಿರಿ. ಆಹಾ, ಆಕೆಯ ಓಲೆಯ ಕೊಂಡಿ ಸಡಿಲವಾಗಿದ್ದುದೂ ಕಂಡಿತು! ತಿರುಗಿ ನೋಡಿದರೆ ನಮ್ಮವರಿದ್ದ ಜಾಗದಲ್ಲಿ ಒದ್ದೆ ಬಟ್ಟೆಯಿಂದ ಒರೆಸಿದಂಥ ಬಣ್ಣ. ತಾವು ಗಡಿಬಿಡಿಯಿಂದ ಆ ಮೂಲೆಯನ್ನು ತಿದ್ದಿ ತೀಡುವಷ್ಟರಲ್ಲಿ ಏಟೂ ಮುಗಿದು, ಕಣ್ಣು ಹೊಡೆದದ್ದೂ ಮುಗಿದು, ಅವರು ಬಗ್ಗಿ ತಾಳ ಕೆಳಗಿಡುತ್ತಿದ್ದರು; ಬೋಳುತಲೆ ಮಾತ್ರ ಅತ್ಯುತ್ತಮ ಗುಣಮಟ್ಟದಲ್ಲಿ ದೊರೆಯಿತು.

ಮನೆಗೆ ಬಂದವರು, “ಯಾವ ಕಣ್ಣು ಹೊಡೆದೆ, ಹೇಳು ನೋಡೋಣ” ಎಂದು ಪಟ್ಟು ಹಿಡಿದಿದ್ದಾರೆ. ನೋವು, ಮಾತ್ರೆ, ನಿದ್ದೆ, ಎಲ್ಲ ನೆಪಗಳೂ ಖಾಲಿಯಾದವು. ಕಾಣಲಿಲ್ಲ ಅಂದರೆ ಮುಖ ಸಣ್ಣದು ಮಾಡಿಕೊಳ್ಳುತ್ತಾರೆ, ಅದನ್ನು ನನ್ನಿಂದ ನೋಡಲಾಗದು. ಆದ್ದರಿಂದ ದಯಮಾಡಿ ಇಡೀ ವಾದ್ಯವೃಂದವನ್ನು ಮತ್ತೆ ಕೂರಿಸಿ, ಆ ಏಟನ್ನು ಹಿಂದಕ್ಕೆ ಕರೆಸಿಕೊಡಿ. ಆಗದಿದ್ದರೆ ಎಡವೋ ಬಲವೋ, ಒಂದು ಪದವನ್ನಾದರೂ ಕಳಿಸಿ. ಅದಕ್ಕೇನು ಮಹಾ ಡೇಟಾ ಬೇಕು?

ತಮ್ಮ ವಿಶ್ವಾಸಿ,
ಒಂದೇ ಸಲ ಕತ್ತು ಹೊರಳಿಸಿದವಳು

ಬರೆದು ಮುಗಿಸಿದ ಮೇಲಿನ ಮಾತು: ತಮ್ಮನ್ನು ನಂಬಿ ಕೂರಲಾಗದೆ “ಎಡಗಣ್ಣು” ಎಂದುಬಿಟ್ಟೆ. “ಒಂದೇ ಕಣ್ಣು ಮುಚ್ಚೋಕೆ ನಂಗೆ ಯಾವತ್ತು ಬಂದಿದೆ? ಎರಡೂ ಮುಚ್ಚಿತ್ತು. ನೀನು ನೋಡೇ ಇಲ್ಲ!” ಎನ್ನುತ್ತ ಅಡುಗೆಮನೆಗೆ ಹೋದರು. ಕೆಟ್ಟೆ ಅಂದುಕೊಂಡೆ. ಎರಡು ಪಾತ್ರೆಯ ಮುಚ್ಚಳ ಹಿಡಿದು ಬಂದರು, ಮಂಚದ ಪಕ್ಕ ನೆಟ್ಟಗೆ ನಿಂತು ಝಣ್ ಎಂದು ಹೊಡೆದು, ನನಗಾಗಿ ಎರಡೂ ಕಣ್ಣು ಮುಚ್ಚಿ ತೆರೆದರು. ಮೂಗಿನ ಮೇಲಿನ ಬೆವರೂ ಕಂಡಿತು, ಡೇಟಾ ಚೂರೂ ಖರ್ಚಾಗಲಿಲ್ಲ. ಕಲಿಯುವ ಆಸೆಯಿದ್ದರೆ ತಾವೂ ಮನೆಗೆ ಬರಬಹುದು.