ಖಡಕ್ ರೊಟ್ಟಿ ಮತ್ತು ಕೊನೇ ಮನೆಯ ನೀರು

ಥ್ಯಾಂಕ್ಸ್ ಹೇಳುವುದು ನನಗೆ ಬರುವುದಿಲ್ಲ. ಇಡೀ ಸರ್ವಿಸಿನುದ್ದಕ್ಕೂ ಹೈಸ್ಕೂಲು ಮಕ್ಕಳ ಬೆನ್ನು ಹತ್ತಿ, ‘ಥ್ಯಾಂಕ್ಯೂ ಹೇಳ್ರೋ’ ಎಂದು ಕಲಿಸಿದವಳು ನಾನು. ಆದರೆ ಅದೇ ಮಾತು ನನ್ನ ಬಾಯಿಂದ ಬರಬೇಕಾದಾಗ ಪಕ್ಕದ ಮನೆಯವರ ಸೀರೆ ಉಟ್ಟುಕೊಂಡು ಮದುವೆಗೆ ಹೋದಷ್ಟು ಮುಜುಗರವಾಗುತ್ತದೆ. ‘ಧನ್ಯವಾದಗಳು’ ಎನ್ನೋಣವೆಂದರೆ ಎದುರಿಗೆ ಮೈಕು ಇಲ್ಲವಲ್ಲ ಅನ್ನಿಸುತ್ತದೆ. ದಾವಣಗೆರೆಯ ನನ್ನ ತವರಿನಲ್ಲಿ ಉಪಕಾರ ಮಾಡಿದವರಿಗೆ ಹೇಳುತ್ತಿದ್ದದ್ದು ಒಂದೇ ಮಾತು: ‘ಉಂಡು ಹೋಗ್ರಿ.’ ನನ್ನ ಅವ್ವ ಪೋಸ್ಟ್‌ಮನ್ನಿಗೂ ಬಡಿಸಿದಳು, ಲೈನ್‌ಮನ್ನಿಗೂ ಬಡಿಸಿದಳು, ಮನೆ ತಪ್ಪಿ ಒಳಗೆ ಬಂದ ವಿಮೆ ಏಜೆಂಟನೊಬ್ಬನಿಗೆ ಎರಡನೇ ಸಲ ಪಲ್ಯ ಹಾಕಿದ ಮೇಲೆ ‘ನೀವ್ಯಾರು?’ ಎಂದು ಕೇಳಿದಳು. ಹೀಗಾಗಿ ಕೃತಜ್ಞತೆ ಎನ್ನುವುದು ನನ್ನ ಪಾಲಿಗೆ ತಿನ್ನಿಸುವ ವಸ್ತು. ಈ ಗುಣದಿಂದ ಲಾಕ್‌ಡೌನ್ ಕಾಲದಲ್ಲಿ ಒಬ್ಬರು ಸಜ್ಜನರಿಗೆ ಎಂಥ ಹಿಂಸೆಯಾಯಿತು ಎಂಬುದನ್ನು ಯಾರಲ್ಲಾದರೂ ಹೇಳಿಕೊಳ್ಳಬೇಕು, ನಿಮ್ಮಲ್ಲೇ ಹೇಳಿಕೊಳ್ಳುತ್ತೇನೆ.

ನಮ್ಮ ಮನೆ ಬಸವೇಶ್ವರನಗರದ ಒಂದು ಅಡ್ಡರಸ್ತೆಯ ಕೊನೇ ಮನೆ. ಕೊಳ್ಳುವಾಗ ನಮ್ಮ ಯಜಮಾನರು, ‘ಕೊನೇ ಮನೆ ಕಣೇ, ಗಲಾಟೆ ಇರಲ್ಲ’ ಎಂದು ಹಿಗ್ಗಿದ್ದರು. ಗಲಾಟೆ ಇರಲಿಲ್ಲ, ನಿಜ. ನೀರೂ ಇರಲಿಲ್ಲ. ರಸ್ತೆ ನಮ್ಮ ಕಡೆಗೆ ಸ್ವಲ್ಪ ಏರು. ದಿನ ಬಿಟ್ಟು ದಿನ ಬರುವ ಕಾವೇರಿ ನೀರು ಮೊದಲು ಕೆಳಗಿನ ಮನೆಗಳ ನೆಲದಡಿಯ ಸಂಪುಗಳನ್ನೆಲ್ಲ ತುಂಬಿಸಿ, ಎಲ್ಲರನ್ನೂ ಮಾತಾಡಿಸಿಕೊಂಡು, ಕಡೆಗೆ ಸುಸ್ತಾಗಿ ನಮ್ಮ ಗೇಟಿನ ಹತ್ತಿರ ಬರುವ ಹೊತ್ತಿಗೆ ಅತ್ತ ವಾಲ್ವು ಬಂದ್ ಮಾಡುವ ಸಮಯವಾಗಿರುತ್ತಿತ್ತು. ಈ ವಾಲ್ವು ತಿರುಗಿಸುವವರು ಹನುಮಂತಣ್ಣ. ಹೆಗಲ ಮೇಲೆ ಆಳುದ್ದದ ಕಬ್ಬಿಣದ ಕೀಲಿ ಹೊತ್ತು ಬರುತ್ತಿದ್ದರು. ರಸ್ತೆಯಲ್ಲಿರುವ ಮುಚ್ಚಳ ತೆಗೆದು, ಕೀಲಿ ಇಳಿಸಿ, ಸುತ್ತು ಸುತ್ತಾಗಿ ತಿರುಗಿಸಿದರೆ ನಮ್ಮ ರಸ್ತೆಗೆ ನೀರು. ಆಮೇಲೆ ಅದನ್ನು ಮುಚ್ಚಿ ಹಿಂದಿನ ರಸ್ತೆಯ ವಾಲ್ವು ತೆರೆದರೆ ಅವರಿಗೆ ನೀರು. ಎರಡೂ ಒಟ್ಟಿಗೆ ತೆರೆದರೆ ಯಾರಿಗೂ ಏರುವುದಿಲ್ಲ.

ಲಾಕ್‌ಡೌನ್ ಬರುವವರೆಗೂ ಇದ್ದುದರಲ್ಲೇ ಹೇಗೋ ನಡೆಯುತ್ತಿತ್ತು. ಹಗಲೆಲ್ಲ ನಾನು ಶಾಲೆಯಲ್ಲಿ, ಯಜಮಾನರು ಆಫೀಸಿನಲ್ಲಿ. ಈಗ ಇಬ್ಬರೂ ಇಪ್ಪತ್ತನಾಲ್ಕು ಗಂಟೆ ಮನೆಯಲ್ಲಿ. ತರಕಾರಿ ತೊಳಿ, ಹಾಲಿನ ಪ್ಯಾಕೆಟ್ ತೊಳಿ, ಕೈ ತೊಳಿ, ತೊಳೆದ ಕೈಯಲ್ಲಿ ನಲ್ಲಿ ಮುಟ್ಟಿದೆವೆಂದು ನಲ್ಲಿಯನ್ನೂ ತೊಳಿ. ನಾನು ಆನ್‌ಲೈನ್ ಕ್ಲಾಸಿನಲ್ಲಿ ಜಲಚಕ್ರ ಪಾಠ ಮಾಡುತ್ತಿರುವಾಗಲೇ ಯಜಮಾನರು ಬಚ್ಚಲಿಂದ, ‘ನೀರು ನಿಂತೋಯ್ತು ಕಣೇ!’ ಎಂದು ಕೂಗಿದ್ದು ಮಕ್ಕಳಿಗೆಲ್ಲ ಕೇಳಿಸಿತ್ತು. ಪಾಠದಲ್ಲಿ ಇದೊಂದೇ ಭಾಗ ಅವರಿಗೆ ಚೆನ್ನಾಗಿ ನೆನಪಿರುವುದು.

ಆ ದಿನಗಳಲ್ಲಿ ಎಲ್ಲರೂ ತಟ್ಟೆ ಬಡಿದು ಡಾಕ್ಟರು, ನರ್ಸು, ಪೌರಕಾರ್ಮಿಕರಿಗೆ ಕೃತಜ್ಞತೆ ಹೇಳಿದರಲ್ಲ, ನಮ್ಮವರೂ ಬಡಿದರು. ಎಷ್ಟು ಮನಸ್ಸಿಟ್ಟು ಬಡಿದರೆಂದರೆ ಆ ತಟ್ಟೆ ಇವತ್ತಿಗೂ ನೆಟ್ಟಗೆ ಕೂರುವುದಿಲ್ಲ, ಸಾರು ಒಂದೇ ಕಡೆಗೆ ಹರಿಯುತ್ತದೆ. ನನಗೆ ಮಾತ್ರ ತಟ್ಟೆ ಇರುವುದು ಬಡಿಯಲಿಕ್ಕಲ್ಲ, ಬಡಿಸಲಿಕ್ಕೆ ಎನ್ನಿಸುತ್ತಿತ್ತು. ಅದೇ ವಾರ ಹನುಮಂತಣ್ಣ ಗೇಟಿನ ಮುಂದೆ ಸುಂಕದಕಟ್ಟೆಯಿಂದ ಬರುವ ತಮ್ಮ ಪಾಡು ಹೇಳಿಕೊಂಡರು. ‘ಮಾಗಡಿ ರೋಡಲ್ಲಿ ಪೊಲೀಸ್ನೋರು ದಿನಾ ನಿಲ್ಲಿಸ್ತಾರೆ ಟೀಚರಮ್ಮ. ರಾಡ್ ಹಿಡ್ಕೊಂಡು ಯಾರ್ನ ಹೊಡೆಯಕ್ಕೆ ಹೊಂಟಿದ್ದೀಯಾ ಅಂತಾರೆ. ಸಾರ್, ಇದು ನೀರು ಬಿಡೋ ಕೀಲಿ ಅಂದ್ರೆ ನಂಬಲ್ಲ. ಕೊನೆಗೆ ಒಬ್ಬರು, ನಮ್ಮನೇಗೂ ನೀರು ಬರ್ತಿಲ್ಲ, ಸ್ವಲ್ಪ ನೋಡಯ್ಯ ಅಂದ್ರು. ಅವತ್ತಿಂದ ಅವರು ಸಲ್ಯೂಟ್ ಹೊಡೀತಾರೆ.’ ಮಾಸ್ಕಿನ ಮೇಲೆ ಅವರ ಕಣ್ಣುಗಳು ನಗುತ್ತಿದ್ದವು. ಊರಿಗೆ ಊರೇ ಬಾಗಿಲು ಹಾಕಿಕೊಂಡಿರುವಾಗ ಈ ಮನುಷ್ಯ ಕಬ್ಬಿಣ ಹೊತ್ತು ಸೈಕಲ್ ತುಳಿಯುತ್ತಿದ್ದಾರೆ ಎನ್ನುವುದು ನನ್ನ ಮನಸ್ಸಿಗೆ ತಾಗಿತು. ಅವತ್ತಿನಿಂದ ನೀರಿನ ದಿನ ಅವರಿಗೊಂದು ಲೋಟ ಕಾಫಿ. ಇಲ್ಲಿಯವರೆಗೆ ನನ್ನ ಮನಸ್ಸು ಶುದ್ಧವಾಗಿತ್ತು ಎಂದು ಯಾವ ದೇವರ ಮುಂದೆ ಬೇಕಾದರೂ ಹೇಳುತ್ತೇನೆ.

ಕೆಡಿಸಿದ್ದು ಎದುರುಮನೆಯ ರತ್ನಮ್ಮನ ಮುದ್ದೆ. ರತ್ನಮ್ಮನವರದು ಈ ಜಾಗ ಇನ್ನೂ ಹೊಲವಾಗಿದ್ದಾಗಿನಿಂದ ಇಲ್ಲೇ ಇರುವ ಗೌಡರ ಮನೆತನ. ನನ್ನ ಕಾಫಿ ನೋಡಿ ಅವರು ಸುಮ್ಮನಿರುತ್ತಾರೆಯೇ? ಒಂದು ದಿನ ಹನುಮಂತಣ್ಣನನ್ನು ತಮ್ಮ ಜಗಲಿ ಮೇಲೆ ಕೂರಿಸಿ ಮುದ್ದೆ, ಕೋಳಿ ಸಾರು ಬಡಿಸಿದರು. ಅವರು ಸಾವಕಾಶವಾಗಿ ಉಂಡು, ಮಜ್ಜಿಗೆ ಕುಡಿದು, ನೆರಳಿನಲ್ಲಿ ಒಂದು ಗಳಿಗೆ ಕೂತು ಎದ್ದು ಹೋಗಿ ವಾಲ್ವು ಮುಚ್ಚಿದರು. ನಮ್ಮವರಿಗೆ ಹಳೆಯ ಪರದೆಯ ಕೋಲೊಂದನ್ನು ಸಂಪಿಗೆ ಇಳಿಸಿ ನೀರು ಅಳೆಯುವ ಚಾಳಿ ಇದೆ. ಅವತ್ತು ಕೋಲು ಎತ್ತಿಕೊಂಡು ಅಡುಗೆಮನೆಗೇ ಬಂದರು. ‘ನೋಡೇ ಇಲ್ಲಿ, ಕತ್ತಿನವರೆಗೂ ತುಂಬಿದೆ! ಅವರು ಉಣ್ತಾ ಕೂತಷ್ಟು ಹೊತ್ತೂ ನಮಗೆ ನೀರು ಬಂದಿದೆ.’ ಕೋಲಿನಿಂದ ನೀರು ತೊಟ್ಟಿಕ್ಕುತ್ತಿತ್ತು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಮದುವೆಯಾಗಿ ಇಷ್ಟು ವರ್ಷಗಳಲ್ಲಿ ನಮ್ಮಿಬ್ಬರಿಗೂ ಒಂದೇ ಯೋಚನೆ ಒಂದೇ ಸಲಕ್ಕೆ ಬಂದದ್ದು ಅವತ್ತೇ.

‘ಮುದ್ದೆ ನುಂಗೋ ಪದಾರ್ಥ,’ ಎಂದರು ಯಜಮಾನರು ಗಂಭೀರವಾಗಿ. ‘ಅಗಿಯೋ ಕೆಲಸಾನೇ ಇಲ್ಲ. ಅದಕ್ಕೇ ಇಷ್ಟು ಹೊತ್ತು ಹಿಡೀತು ಅಂದ್ರೆ, ಅಗಿಯೋದು ಏನಾದ್ರೂ ಕೊಟ್ರೆ...’ ಅವರು ಮಾತು ಮುಗಿಸುವ ಮೊದಲೇ ನನ್ನ ಕಣ್ಣು ಅಟ್ಟದ ಮೇಲಿನ ಡಬ್ಬಿಗೆ ಹೋಗಿತ್ತು. ಅದರಲ್ಲಿತ್ತು ಖಡಕ್ ಜೋಳದ ರೊಟ್ಟಿ. ನಮ್ಮ ಕಡೆಯವರಾದರೆ ಮಾತಾಡುತ್ತಲೇ ಕಟಕಟನೆ ಮುರಿದು ಮುಗಿಸುತ್ತಾರೆ. ಆದರೆ ಹುಟ್ಟಿದಾಗಿನಿಂದ ಮುದ್ದೆ ನುಂಗಿ ಬೆಳೆದ ಮಾಗಡಿ ಸೀಮೆಯ ಮನುಷ್ಯನಿಗೆ ಅದು ಒಂದು ಹೊತ್ತಿನ ಕೆಲಸ. ಮೊದಲ ದಿನ ಹನುಮಂತಣ್ಣ ನಮ್ಮ ಜಗಲಿ ಮೇಲೆ ಕೂತು ರೊಟ್ಟಿಯನ್ನು ತಿರುಗಿಸಿ ನೋಡಿ, ‘ಇದು ಹಪ್ಪಳನಾ ಟೀಚರಮ್ಮ?’ ಎಂದರು. ‘ಇಲ್ಲಣ್ಣ, ಊಟನೇ. ಚೆನ್ನಾಗಿ ಅಗಿದು ತಿನ್ನಿ, ಅವಸರ ಮಾಡ್ಬೇಡಿ’ ಎಂದೆ. ಎಣ್ಣೆಗಾಯಿ ಹಾಕಿದೆ, ಶೇಂಗಾ ಚಟ್ನಿ ಹಾಕಿದೆ, ಗಟ್ಟಿ ಮೊಸರು ಹಾಕಿದೆ. ಅವರು ಅಗಿಯುತ್ತಲೇ ಇದ್ದರು. ಒಳಗೆ ನಮ್ಮ ಸಂಪಿನಲ್ಲಿ ನೀರು ಬೀಳುವ ಸದ್ದು ಹಿತವಾಗಿ ಕೇಳುತ್ತಿತ್ತು.

ಹೀಗೆ ನಮ್ಮ ಕೃತಜ್ಞತೆ ದಿನೇದಿನೇ ಗಟ್ಟಿಯಾಯಿತು. ರೊಟ್ಟಿಯ ಜೊತೆಗೆ ಹುರಿದ ಕಡಲೆ ಸೇರಿತು, ಶೇಂಗಾ ಉಂಡೆ ಸೇರಿತು. ಪಾಪ, ಹನುಮಂತಣ್ಣ ಎಂದೂ ಬೇಡವೆನ್ನಲಿಲ್ಲ. ಕೆಲವೊಮ್ಮೆ ಒಂದು ಕೆನ್ನೆಗೆ ಕೈ ಒತ್ತಿಕೊಂಡು ಕೂತಿರುತ್ತಿದ್ದರು. ರುಚಿಗೆ ಮೈಮರೆತಿದ್ದಾರೆಂದು ನಾನು ಇನ್ನೊಂದು ರೊಟ್ಟಿ ಹಾಕುತ್ತಿದ್ದೆ. ಒಂದು ದಿನ ರತ್ನಮ್ಮ ಗೇಟಿನಾಚೆ ನಿಂತು, ‘ಹಿಂದಿನ ರೋಡ್ನೋರು ಹನುಮಂತಣ್ಣಂಗೆ ಬಾಯಿಗೆ ಬಂದಂಗೆ ಬೈತಾರಂತೆ ಕಣ್ರೀ, ನೀರು ಲೇಟು ಅಂತ’ ಎಂದರು. ‘ಅಯ್ಯೋ, ಜನಕ್ಕೆ ತಾಳ್ಮೆನೇ ಇಲ್ಲ ನೋಡಿ’ ಎಂದೆ ನಾನು. ರತ್ನಮ್ಮ ನನ್ನ ಕೈಯಲ್ಲಿದ್ದ ರೊಟ್ಟಿ ಡಬ್ಬಿಯನ್ನೊಮ್ಮೆ ನೋಡಿ ತಮ್ಮ ಮನೆಗೆ ಹೋದರು.

ಅಷ್ಟರಲ್ಲಿ ರೋಗ ನಮ್ಮ ಮನೆಗೇ ಬಂತು. ಮೊದಲು ಯಜಮಾನರಿಗೆ, ಮಾರನೇ ದಿನ ನನಗೆ. ಕಾರ್ಪೊರೇಷನ್ನಿನವರು ಗೇಟಿಗೆ ಟೇಪು ಸುತ್ತಿ ನೋಟಿಸು ಅಂಟಿಸಿ ಹೋದರು. ರತ್ನಮ್ಮ ದಿನಾ ಗೇಟಿನ ಮೇಲೆ ಸಾರು, ಅನ್ನದ ಚೀಲ ನೇತುಹಾಕುತ್ತಿದ್ದರು. ಆ ಪುಣ್ಯಾತ್ಗಿತ್ತಿಯ ಋಣ ಹೇಗೆ ತೀರಿಸಬೇಕೋ ತಿಳಿಯದು. ಆದರೆ ನೀರನ್ನು ಚೀಲದಲ್ಲಿ ನೇತುಹಾಕುವುದು ಹೇಗೆ? ಜ್ವರದಲ್ಲಿ ಬೆವರಿದ ಬಟ್ಟೆ, ವಾಂತಿಯಾದ ಹಾಸಿಗೆ, ಮುಸುರೆ ಪಾತ್ರೆ. ಸಂಪಿನ ತಳ ಕಂಡಿತ್ತು. ಟ್ಯಾಂಕರಿನವನು ಫೋನಿನಲ್ಲಿ ವಿಳಾಸ ಕೇಳಿ, ನೋಟಿಸು ಅಂಟಿಸಿದ ಮನೆಯೆಂದು ತಿಳಿದು, ‘ಮುಂದಿನ ವಾರ ನೋಡಣ ಮೇಡಂ’ ಎಂದು ಇಟ್ಟುಬಿಟ್ಟ. ಮಾರನೇ ದಿನ ನೀರಿನ ದಿನ. ನನಗೆ ನಿಲ್ಲಲು ಶಕ್ತಿಯಿಲ್ಲ. ರೊಟ್ಟಿಯಿರಲಿ, ಒಂದು ಲೋಟ ಕಾಫಿ ಕೊಡುವ ಹಾಗೂ ಇರಲಿಲ್ಲ. ಹನುಮಂತಣ್ಣ ಬರುತ್ತಾರೆ, ತಿರುಗಿಸುತ್ತಾರೆ, ಹೊತ್ತಾದ ಕೂಡಲೇ ಮುಚ್ಚಿ ಹೋಗುತ್ತಾರೆ, ನಮ್ಮ ಮನೆವರೆಗೂ ನೀರು ಏರುವುದಿಲ್ಲ ಎಂದುಕೊಂಡು ಗೋಡೆ ಕಡೆ ತಿರುಗಿ ಮಲಗಿದೆ.

ಮಾರನೇ ಬೆಳಿಗ್ಗೆ ಟಣ್ ಟಣ್ ಎಂದು ಗೇಟು ಬಡಿದ ಸದ್ದಾಯಿತು. ಕಬ್ಬಿಣಕ್ಕೆ ಕಬ್ಬಿಣ. ಕಿಟಕಿ ಹಿಡಿದು ಎದ್ದು ನೋಡಿದೆ. ಹನುಮಂತಣ್ಣ ಉದ್ದನೆಯ ಕೀಲಿಯನ್ನು ಚಾಚಿ ಗೇಟು ತಟ್ಟುತ್ತಿದ್ದರು.

‘ಟೀಚರಮ್ಮಾ, ನೀರು ಬಂತಾ?’

‘ಇನ್ನೂ ಇಲ್ಲಣ್ಣ’ ಎಂದೆ. ಧ್ವನಿ ಹೊರಗೆ ಬಂತೋ ಇಲ್ಲವೋ.

‘ಬರ್ತದೆ, ನೀವು ಮಲಕ್ಕಳಿ. ಬಂದ್ಮೇಲೇ ಮುಚ್ಚದು.’ ಎದುರಿಗೆ ರತ್ನಮ್ಮನವರ ಜಗಲಿ ಮೇಲೆ ಕೂತರು. ಕೈಯಲ್ಲಿ ತಟ್ಟೆಯಿರಲಿಲ್ಲ, ಲೋಟವಿರಲಿಲ್ಲ. ಬಿಸಿಲು ಜಗಲಿಗೆ ಬಂದಾಗ ಸ್ವಲ್ಪ ಸರಿದು ಕೂತರು. ಅವರ ಫೋನು ಬಡಿದುಕೊಂಡಿತು, ಆ ಕಡೆಯಿಂದ ಯಾರೋ ಕಿರುಚುವುದು ನನ್ನ ಕಿಟಕಿಗೂ ಕೇಳುವಂತಿತ್ತು. ‘ಗೊತ್ತು ಸಾರ್, ನಿಮ್ ರೋಡಿಗೆ ಲೇಟಾಯ್ತದೆ. ಏನ್ಮಾಡದು, ಇಲ್ಲಿ ಕೊನೇ ಮನೇಲಿ ಇಬ್ರಿಗೂ ಉಷಾರಿಲ್ಲ. ಅವರ್ಗೆ ಬಂದ್ಮೇಲೆ ನಿಮಗೆ ತಿರುಗಿಸ್ತೀನಿ. ಇವತ್ತೊಂದಿನ ನನ್ ಮುಖ ನೋಡಿ ಸಾರ್.’ ಆ ಕಡೆಯವರು ಏನೆಂದರೋ, ಕಿರುಚಾಟ ನಿಂತಿತು. ಸ್ವಲ್ಪ ಹೊತ್ತಿಗೆ ನಮ್ಮ ಸಂಪಿನಲ್ಲಿ ಸಣ್ಣಗೆ ಸದ್ದು ಶುರುವಾಯಿತು, ಆಮೇಲೆ ಜೋರಾಯಿತು. ಹಾಸಿಗೆಯಲ್ಲಿದ್ದ ಯಜಮಾನರು ಕಣ್ಣು ಬಿಟ್ಟು, ‘ಬಂತಾ?’ ಎಂದರು. ನಾನು ಕಿಟಕಿಯಿಂದ ‘ಬಂತಣ್ಣಾ’ ಎಂದು ಹೇಳಹೋಗಿ ಅತ್ತುಬಿಟ್ಟೆ. ತಿಂಗಳುಗಟ್ಟಲೆ ನಾನು ರೊಟ್ಟಿ ಹಾಕಿ ಹಾಕಿ ಅವರ ಬಾಯಿಂದ ಕಿತ್ತುಕೊಳ್ಳುತ್ತಿದ್ದ ಹೊತ್ತನ್ನು ಅವರು ಖಾಲಿ ಹೊಟ್ಟೆಯಲ್ಲಿ ಕೂತು ಹಾಗೆಯೇ ಕೊಟ್ಟಿದ್ದರು. ಆಮೇಲೂ, ಗೇಟಿನ ಟೇಪು ತೆಗೆಯುವವರೆಗೆ, ಪ್ರತಿ ನೀರಿನ ದಿನವೂ ಟಣ್ ಟಣ್ ಕೇಳಿಸಿತು, ‘ಬಂತಾ?’ ಎಂಬ ಕೂಗು ಕೇಳಿಸಿತು. ನನ್ನ ಜೀವನದಲ್ಲಿ ನನ್ನನ್ನು ಅಷ್ಟು ಅಕ್ಕರೆಯಿಂದ ವಿಚಾರಿಸಿಕೊಂಡವರು ಕಡಿಮೆ.

ಎದ್ದು ಓಡಾಡುವಂತಾದ ಮೇಲೆ ಮೊದಲು ಮಾಡಿದ ಕೆಲಸ ಜೋಳದ ಹಿಟ್ಟು ನಾದಿದ್ದು. ಈ ಸಲ ಬೇರೆ ಯಾವ ಉದ್ದೇಶವೂ ಇರಲಿಲ್ಲ. ಡಬ್ಬಿ ತುಂಬ ಖಡಕ್ ರೊಟ್ಟಿ ಮಾಡಿ, ಹನುಮಂತಣ್ಣನ ಮುಂದೆ ಇಟ್ಟು, ಹೇಳಲು ಬಾರದ ಮಾತನ್ನು ಹೇಳಿಯೇಬಿಡೋಣ ಎಂದು ಬಾಯಿ ತೆರೆದೆ. ಅವರು ಕೈಮುಗಿದು ಹಿಂದೆ ಸರಿದರು.

‘ರೊಟ್ಟಿ ಮಾತ್ರ ಬ್ಯಾಡಿ ಟೀಚರಮ್ಮ, ತಪ್ಪು ತಿಳ್ಕಾಬೇಡಿ. ದವಡೆ ಹಲ್ಲು ಮೊದ್ಲಿಂದ ಅಲ್ಲಾಡ್ತಿತ್ತು. ಲಾಕ್‌ಡೌನಲ್ಲಿ ಹಲ್ಲಿನ ಡಾಕ್ಟ್ರು ಎಲ್ಲಿ ಸಿಗ್ತಾರೆ? ಹೋದ ವಾರ ಕೀಳಿಸ್ದೆ.’

‘ಅಯ್ಯೋ, ಮತ್ತೆ ಅಷ್ಟು ದಿನ ತಿಂದ್ರಲ್ಲಣ್ಣ! ಬೇಡ ಅನ್ಬಾರ್ದಾ?’

‘ನೀವು ಅಷ್ಟು ಪ್ರೀತಿಯಿಂದ ಕೂರಿಸಿ ಹಾಕ್ತಿದ್ರಿ. ಆ ಟೈಮಲ್ಲಿ ನಮ್ಮನ್ನ ಜಗಲಿ ಹತ್ರ ಸೇರಿಸ್ತಿದ್ದೋರು ಯಾರು ಹೇಳಿ? ಬ್ಯಾಡ ಅನ್ನಕ್ಕೆ ಮನಸ್ಸು ಬರ್ಲಿಲ್ಲ.’

ನನ್ನ ಹಿಂದೆ ನಿಂತಿದ್ದ ಯಜಮಾನರು ಪರದೆಯ ಕೋಲನ್ನು ಮೆಲ್ಲಗೆ ಬಾಗಿಲ ಮರೆಗೆ ಸರಿಸಿದರು. ನಾನು ರೊಟ್ಟಿ ಡಬ್ಬಿಯ ಮುಚ್ಚಳ ಹಾಕಿದೆ. ನಿಜ ಹೇಳಿಬಿಡುವ ಮನಸ್ಸಾಯಿತು. ಆದರೆ ಪ್ರೀತಿ ಎಂದುಕೊಂಡು ಹಲ್ಲುನೋವು ನುಂಗಿದ ಮನುಷ್ಯನಿಗೆ ಅದು ನೀರಿನಾಸೆ ಎಂದು ತಿಳಿಸಿ ಸಿಗುವುದೇನು? ಅವತ್ತಿನಿಂದ ಅವರಿಗೆ ಮೊಸರನ್ನ. ಹಲ್ಲಿಲ್ಲದವರೂ ತಿನ್ನಬಹುದಾದ ಹಾಗೆ ಹಾಲು ಬೆರೆಸಿ, ನುಣ್ಣಗೆ ಕಿವುಚಿ, ಒಗ್ಗರಣೆಯ ಕಡಲೆಬೇಳೆಯನ್ನೂ ಬಿಟ್ಟು, ಡಬ್ಬಿಗೆ ಹಾಕಿ ಕೊಡುತ್ತೇನೆ. ಕೂತು ತಿನ್ನಿ ಎಂದು ಒತ್ತಾಯ ಮಾಡುವುದಿಲ್ಲ.

ಇದು ಇಂದಿಗೂ ನಡೆದುಕೊಂಡು ಬಂದಿದೆ. ಹನುಮಂತಣ್ಣ ನಮ್ಮ ರಸ್ತೆಯ ವಾಲ್ವು ಮುಚ್ಚಿ, ಹಿಂದಿನ ರಸ್ತೆಯದನ್ನು ತೆರೆದು, ಅಲ್ಲಿನ ಹೊಂಗೆ ಮರದ ಕೆಳಗೆ ಕೂತು ನನ್ನ ಡಬ್ಬಿ ಬಿಚ್ಚುತ್ತಾರೆ, ಉಂಡು ಎದ್ದ ಮೇಲೆಯೇ ಆ ವಾಲ್ವು ಮುಚ್ಚುವುದು. ಮೊನ್ನೆ ನಮ್ಮವರು ಕೋಲು ಹಿಡಿದು ಬಂದು, ‘ನೀನು ಮಾಡಿದ ಊಟಕ್ಕೆ ಹಿಂದಿನ ರೋಡ್ನೋರ ಸಂಪು ತುಂಬ್ತಿದೆ ಕಣೇ’ ಎಂದರು. ‘ತುಂಬ್ಲಿ ಬಿಡ್ರಿ, ಅವರೂ ಮನುಷ್ಯರೇ’ ಎಂದೆ ದೊಡ್ಡ ಮನಸ್ಸಿನಿಂದ. ಮನಸ್ಸು ಅಷ್ಟು ದೊಡ್ಡದಾಗಿದ್ದಕ್ಕೆ ನನಗೇ ಆಶ್ಚರ್ಯವಾಯಿತು. ಹನುಮಂತಣ್ಣ ಹೊಸ ಹಲ್ಲು ಕಟ್ಟಿಸಿಕೊಂಡು ಬಹಳ ಕಾಲವಾಯಿತು, ಈಗ ಚಕ್ಕುಲಿಯನ್ನೂ ಕಡಿಯುತ್ತಾರೆ ಎಂದು ರತ್ನಮ್ಮ ಹೇಳಿದರು. ನಾನು ಮಾತ್ರ ಇನ್ನೂ ಮೊಸರನ್ನವನ್ನು, ಆ ಹೊಂಗೆ ಮರದ ಕೆಳಗೆ ಕೂತ ಎರಡೇ ನಿಮಿಷಕ್ಕೆ ತಿಂದು ಏಳುವಷ್ಟು, ನುಣ್ಣಗೆ ಕಿವುಚುತ್ತಿದ್ದೇನೆ.